ಗೊತ್ತಿದ್ದದ್ದು ಹೊತ್ತಿಗೆ ನೆನಪಾಗಬೇಕಲ್ವಾ?

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಿಮ್ಮ ಶನಿವಾರದ ಪುರವಣಿಯಲ್ಲಿ ಚೆನ್ನಾಗಿ ಯೋಚಿಸಲು ಬೇಕಾದ ಇಪ್ಪತ್ತು ಮಾದರಿಗಳ, ಅಂದರೆ ಇಂಗ್ಲಿಷಿನಲ್ಲಿ ಮೆಂಟಲ್ ಮಾಡೆಲ್ ಅನ್ನುವವುಗಳ ಬಗ್ಗೆ ಒಂದು ಇಡೀ ಪುಟ ಬಂದಿತ್ತು. ನನ್ನ ಸೊಸೆ ಅದನ್ನು ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದಳು. ಮನೆಯವರೆಲ್ಲ ಓದಿದೆವು. ಚೆನ್ನಾಗಿದೆ ಅಂದೆವು. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ, ಅದರಲ್ಲಿ ಏನೇನಿತ್ತು ಹೇಳಿ ನೋಡೋಣ ಅಂತ ನಾನು ಕೇಳಿದೆ. ಐದು ಜನ ಸೇರಿ ಮೂರು ಹೇಳಿದೆವು. ಆ ಮೂರರಲ್ಲಿ ಒಂದನ್ನಾದರೂ ಈ ತಿಂಗಳು ಯಾವುದಾದರೂ ಕೆಲಸಕ್ಕೆ ಬಳಸಿದ್ದೀರಾ ಅಂತ ಕೇಳಿದರೆ ಯಾರೂ ಮಾತಾಡಲಿಲ್ಲ. ದಿನಕ್ಕೆ ಹತ್ತು ಸಲ ತೆಗೆಯುವ ಬಾಗಿಲ ಮೇಲಿದ್ದ ಕಾಗದ ಅದು.

ಬರೆದವರ ಮೇಲೆ ನನಗೆ ದೂರಿಲ್ಲ. ಬರಹ ಒಳ್ಳೆಯದೇ. ಆದರೆ ಓದಿದ್ದು ಬೇಕಾದ ಹೊತ್ತಿಗೆ ತಾನಾಗಿ ನೆನಪಿಗೆ ಬರುವ ಹಾಗೆ ಮಾಡಿಕೊಳ್ಳುವುದು ಹೇಗೆ ಅನ್ನೋದನ್ನು ಯಾರೂ ಹೇಳುವುದಿಲ್ಲ. ಈ ಪತ್ರ ಅದರ ಬಗ್ಗೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಹೊಸನಗರ ತಾಲ್ಲೂಕಿನವನು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದೆ. ಎರಡು ಎಕರೆ ಅಡಿಕೆ ತೋಟ ಇದೆ.

ನಾಲ್ಕು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ತೋಟದ ಬಾವಿ ತಳ ಕಂಡಿತ್ತು. ಬೋರ್ ಕೊರೆಸೋಣ ಅಂತಾಯಿತು. ಮುನ್ನೂರು ಅಡಿಗೆ ನೀರು ಸಿಗದಿದ್ದರೆ ನಿಲ್ಲಿಸಿಬಿಡುವುದು ಅಂತ ಮನೆಯಲ್ಲಿ ಮೊದಲೇ ಮಾತಾಗಿತ್ತು. ರಾತ್ರಿ ಎಂಟಕ್ಕೆ ಲಾರಿ ಬಂತು. ಮುನ್ನೂರು ಅಡಿ ಆದಾಗ ಮೇಲೆ ಬರುತ್ತಿದ್ದದ್ದು ಬರೀ ಧೂಳು. "ಇಷ್ಟು ಹೋಗಿದೆಯಲ್ಲ ಸಾರ್, ಇನ್ನೈವತ್ತು ಅಡಿ ನೋಡೋಣ" ಅಂದರು. ಸರಿ ಅಂದೆ. ಆಮೇಲೆ ಇನ್ನೊಂದು ಐವತ್ತು. ಮಿಷಿನ್ ಸದ್ದು, ಕಣ್ಣಿಗೆಲ್ಲ ಧೂಳು, ಸುತ್ತ ನಿಂತ ನೆಂಟರು, ಅಕ್ಕಪಕ್ಕದವರು, ಒಬ್ಬೊಬ್ಬರದು ಒಂದೊಂದು ಸಲಹೆ, ಇಷ್ಟು ದುಡ್ಡು ಸುರಿದ ಮೇಲೆ ಈಗ ನಿಲ್ಲಿಸಿದರೆ ಅದೆಲ್ಲ ದಂಡ ಆಗುತ್ತದಲ್ಲ ಅನ್ನೋ ಸಂಕಟ. ಐನೂರ ಎಂಬತ್ತು ಅಡಿಗೆ ನಿಲ್ಲಿಸಿದಾಗ ಬೆಳಗಿನ ಜಾವ ಮೂರೂವರೆ. ನೀರು ಬರಲಿಲ್ಲ.

ಹೋದ ದುಡ್ಡು ಹೋಯಿತು, ಮುಂದೆ ಹಾಕುವ ದುಡ್ಡಿಗೆ ಏನು ಸಿಗುತ್ತದೆ ಅಂತ ಮಾತ್ರ ನೋಡಬೇಕು. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷಿನಲ್ಲಿ ಸಂಕ್ ಕಾಸ್ಟ್ ಅಂತಾರೆ. ಟಿಕೆಟ್ಟಿಗೆ ದುಡ್ಡು ಕೊಟ್ಟಾಯಿತಲ್ಲ ಅಂತ ಕೆಟ್ಟ ಸಿನಿಮಾಕ್ಕೆ ಕೊನೆವರೆಗೂ ಕೂರಬೇಕಾಗಿಲ್ಲ ಅನ್ನೋ ಉದಾಹರಣೆ ಕೊಟ್ಟು ಹತ್ತನೇ ಕ್ಲಾಸಿನ ಮಕ್ಕಳಿಗೆ ನಾನೇ ಎಷ್ಟೋ ಸಲ ಹೇಳಿದ್ದೆ. ಆ ರಾತ್ರಿ ಏಳು ಗಂಟೆಗಳಲ್ಲಿ ಅದು ಒಂದೇ ಒಂದು ಸಲ ನನ್ನ ತಲೆಗೆ ಬರಲಿಲ್ಲ. ಬಂದದ್ದು ಬೆಳಿಗ್ಗೆ, ಬಚ್ಚಲಲ್ಲಿ ಮೈಮೇಲಿನ ಧೂಳು ತೊಳೆಯುವಾಗ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ. ಹೋದ ದುಡ್ಡಿಗಿಂತ ಇದೇ ನನ್ನನ್ನು ಜಾಸ್ತಿ ಕಾಡಿತು. ಗೊತ್ತಿದ್ದೂ ಯಾಕೆ ನೆನಪಾಗಲಿಲ್ಲ? ಆವತ್ತಿನಿಂದ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಾ ಬಂದೆ.

ಮೆಂಟಲ್ ಮಾಡೆಲ್ ಅನ್ನೋದನ್ನು ನಾನು ಸುಮ್ನೆ ಮಾದರಿ ಅಂತ ಕರೆಯುತ್ತೇನೆ. ಹೊರಗಿನ ಲೋಕ ಹೇಗೆ ನಡೆಯುತ್ತದೆ ಅನ್ನೋದರ ಒಂದು ಚಿಕ್ಕ ಪ್ರತಿಯನ್ನು ನಾವು ತಲೆಯಲ್ಲಿ ಇಟ್ಟುಕೊಂಡಿರುತ್ತೇವೆ, ಏನಾದರೂ ಮಾಡುವ ಮೊದಲು ಅದರಲ್ಲಿ ಓಡಿಸಿ ನೋಡುತ್ತೇವೆ. ಈ ಮಾತನ್ನು ಕೆನೆತ್ ಕ್ರೇಕ್ ಎಂಬ ಮನಶ್ಶಾಸ್ತ್ರಜ್ಞ 1943ರಲ್ಲೇ ಬರೆದಿದ್ದ. ಷೇರು ವ್ಯವಹಾರದ ಚಾರ್ಲಿ ಮಂಗರ್ 1994ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಮುಂದೆ ಮಾಡಿದ ಒಂದು ಭಾಷಣದಿಂದ ಇದು ಜಗತ್ತಿಗೆಲ್ಲ ಹರಡಿತು. ಒಂದೇ ವಿಷಯದ ಮಾದರಿ ಸಾಲದು, ಬೇರೆ ಬೇರೆ ವಿಷಯಗಳ ಮುಖ್ಯ ಮಾದರಿಗಳು ತಲೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿರಬೇಕು ಅಂತ ಅವರು ಹೇಳಿದರು. ಸರಿಯಾದ ಮಾತೇ. ಆದರೆ ಹೆಣೆಯೋದು ಹೇಗೆ?

ನನಗೆ ಕಣ್ಣು ತೆರೆಸಿದ್ದು 1980ರ ಒಂದು ಪ್ರಯೋಗ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಒಬ್ಬ ರೋಗಿಯ ಹೊಟ್ಟೆಯಲ್ಲಿ ಗಡ್ಡೆ ಇದೆ. ಆಪರೇಷನ್ ಮಾಡುವಂತಿಲ್ಲ. ಒಂದು ಥರದ ಕಿರಣ ಇದೆ, ಜೋರಾಗಿ ಬಿಟ್ಟರೆ ಗಡ್ಡೆ ಸಾಯುತ್ತದೆ, ಆದರೆ ದಾರಿಯಲ್ಲಿರುವ ಒಳ್ಳೆಯ ಮಾಂಸವೂ ಸಾಯುತ್ತದೆ. ಮೆಲ್ಲಗೆ ಬಿಟ್ಟರೆ ಮಾಂಸಕ್ಕೆ ಏನೂ ಆಗುವುದಿಲ್ಲ, ಗಡ್ಡೆಗೂ ಏನೂ ಆಗುವುದಿಲ್ಲ. ಏನು ಮಾಡಬೇಕು? ಇದು ಕಾರ್ಲ್ ಡಂಕರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಕೊಟ್ಟ ಹಳೆಯ ಸಮಸ್ಯೆ. ಸುಮ್ನೆ ಕೇಳಿದರೆ ನೂರಕ್ಕೆ ಸುಮಾರು 10 ಜನ ಮಾತ್ರ ಬಿಡಿಸುತ್ತಾರೆ. ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ ಅನ್ನೋರು ಮೊದಲು ವಿದ್ಯಾರ್ಥಿಗಳಿಗೆ ಬೇರೊಂದು ಕಥೆ ಓದಲು ಕೊಟ್ಟರು. ಒಂದು ಕೋಟೆ. ಅದಕ್ಕೆ ನಾಲ್ಕೂ ಕಡೆಯಿಂದ ದಾರಿ. ದಾರಿಯಲ್ಲೆಲ್ಲ ನೆಲಬಾಂಬು ಹೂತಿದ್ದಾರೆ. ಸಣ್ಣ ಗುಂಪು ದಾಟಬಹುದು, ದೊಡ್ಡ ಸೈನ್ಯ ಹೋದರೆ ಸಿಡಿಯುತ್ತದೆ. ಸೇನಾಪತಿ ಸೈನ್ಯವನ್ನು ಸಣ್ಣ ಸಣ್ಣ ಗುಂಪು ಮಾಡಿ, ಎಲ್ಲ ದಾರಿಗಳಿಂದಲೂ ಕಳಿಸಿ, ಒಂದೇ ಹೊತ್ತಿಗೆ ಕೋಟೆ ಮುಟ್ಟುವ ಹಾಗೆ ಮಾಡಿ ಗೆಲ್ಲುತ್ತಾನೆ. ಈ ಕಥೆ ಓದಿದ ಮೇಲೆ ಗಡ್ಡೆಯ ಸಮಸ್ಯೆ ಕೊಟ್ಟರು. ಉತ್ತರ ಕಣ್ಣೆದುರಿಗೇ ಇದೆ ಅಲ್ವಾ? ಸುತ್ತಲಿಂದ ಮೆಲ್ಲನೆಯ ಕಿರಣಗಳನ್ನು ಬಿಟ್ಟು, ಎಲ್ಲವೂ ಗಡ್ಡೆಯ ಹತ್ತಿರ ಸೇರುವ ಹಾಗೆ ಮಾಡಿದರಾಯಿತು. ಆದರೂ ನೂರಕ್ಕೆ ಸುಮಾರು 30 ಜನ ಮಾತ್ರ ಬಿಡಿಸಿದರು. "ಈಗಷ್ಟೇ ಓದಿದ ಕಥೆ ನೆನಪು ಮಾಡಿಕೊಳ್ಳಿ" ಅಂತ ಒಂದು ಸುಳಿವು ಕೊಟ್ಟ ಕೂಡಲೇ ಮುಕ್ಕಾಲು ಪಾಲು ಜನ ಬಿಡಿಸಿದರು.

ಇದನ್ನು ಓದಿದಾಗ ನನಗೆ ಆ ಬೋರ್‌ವೆಲ್ ರಾತ್ರಿ ಅರ್ಥವಾಯಿತು. ಕಥೆ ತಲೆಯಲ್ಲಿ ಇತ್ತು. ಬುದ್ಧಿಯೂ ಇತ್ತು. ಸುಳಿವು ಕೊಡುವವರು ಇರಲಿಲ್ಲ ಅಷ್ಟೇ. ಕೋಟೆಯ ಕಥೆ ತಲೆಯಲ್ಲಿ ಯುದ್ಧದ ಮೂಲೆಯಲ್ಲಿ ಹೋಗಿ ಕೂತಿರುತ್ತದೆ, ಗಡ್ಡೆ ಆಸ್ಪತ್ರೆಯ ಮೂಲೆಯಲ್ಲಿ. ನನ್ನ ಸಂಕ್ ಕಾಸ್ಟ್ ಸಿನಿಮಾ ಟಿಕೆಟ್ಟಿನ ಜೊತೆಗೆ, ಪಾಠದ ಕೋಣೆಯಲ್ಲಿ ಕೂತಿತ್ತು. ತೋಟಕ್ಕೆ ಅದು ಯಾವತ್ತೂ ಬಂದೇ ಇರಲಿಲ್ಲ. ಪುಸ್ತಕದ ಬದನೆಕಾಯಿ ಅಂತ ನಮ್ಮವರು ಸುಮ್ನೆ ಹೇಳಿದ್ದಲ್ಲ.

ಅದೇ ಇಬ್ಬರು 1983ರಲ್ಲಿ ಇನ್ನೊಂದು ವಿಷಯ ಕಂಡುಕೊಂಡರು. ಒಂದು ಕಥೆಯ ಬದಲು, ಒಳಗಿನ ಉಪಾಯ ಒಂದೇ ಆಗಿರುವ ಎರಡು ಬೇರೆ ಬೇರೆ ಕಥೆಗಳನ್ನು ಓದಿ, ಎರಡರಲ್ಲೂ ಸಮ ಏನಿದೆ ಅಂತ ಬರೆದವರಿಗೆ ಅದು ಹೊಸ ಸಮಸ್ಯೆಯಲ್ಲಿ ಹೆಚ್ಚು ಸಲೀಸಾಗಿ ಹೊಳೆಯಿತು. ಇದು ನಾವು ಮನೆಯಲ್ಲೇ ಮಾಡಬಹುದಾದ ಕೆಲಸ.

ಹಾಗೆ ನೋಡಿದರೆ ನಮ್ಮ ಮಲೆನಾಡಿನವರ ಹತ್ತಿರ ಮಾದರಿಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನೇ ತೆಗೆದುಕೊಳ್ಳಿ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ನಮ್ಮ ಕಡೆಯ ಕೊಳೆಯನ್ನು ಅಭ್ಯಾಸ ಮಾಡಿದ ಕಾಲದಿಂದ ಈ ಔಷಧಿ ನಮಗೆ ಗೊತ್ತು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ ಸೇರಿಸುತ್ತೇವೆ. ಆಮೇಲೆ ಏನು ಮಾಡುತ್ತೇವೆ? ಒಂದು ಕಬ್ಬಿಣದ ಚಾಕು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ನೋಡುತ್ತೇವೆ. ಚಾಕುವಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ. ಹಾಗೇ ಹೊಡೆದರೆ ಅಡಿಕೆ ಗೊನೆ ಸುಡುತ್ತದೆ. ಇನ್ನಷ್ಟು ಸುಣ್ಣದ ತಿಳಿ ಹಾಕುತ್ತೇವೆ. ದೊಡ್ಡದಕ್ಕೆ ಕೈ ಹಾಕುವ ಮೊದಲು ಚಿಕ್ಕದರಲ್ಲಿ ಪರೀಕ್ಷೆ ಮಾಡು ಅನ್ನೋ ಮಾದರಿ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕದಲ್ಲಿದೆ? ಆದರೆ ಅದೇ ಮನುಷ್ಯ, ಪ್ರತಿ ಮಳೆಗಾಲ ತಪ್ಪದೆ ಚಾಕು ಅದ್ದುವವನು, ಯಾರೋ ಹೇಳಿದ ಹೊಸ ಗೊಬ್ಬರವನ್ನು ಇಡೀ ತೋಟಕ್ಕೆ ಒಂದೇ ಸಲ ಸುರಿಯುತ್ತಾನೆ. ಹತ್ತು ಮರಕ್ಕೆ ಹಾಕಿ ನೋಡೋಣ ಅಂತ ಅನ್ನಿಸುವುದಿಲ್ಲ. ಮಾದರಿ ಅನ್ನೋದು ಔಷಧಿ ಕಲಸುವ ಬ್ಯಾರೆಲ್ ಹತ್ತಿರವೇ ಉಳಿದುಬಿಟ್ಟಿದೆ. ಈಗ ನಮ್ಮ ಮನೆಯಲ್ಲಿ ಇದಕ್ಕೆ "ಚಾಕು ಅದ್ದೋದು" ಅಂತಲೇ ಹೆಸರು. ಮಗ ಹೊಸ ಬಾಡಿಗೆ ಮನೆಗೆ ಹನ್ನೊಂದು ತಿಂಗಳ ಕರಾರು ಮಾಡಿಕೊಳ್ಳಲು ಹೊರಟಾಗ ಅವನಮ್ಮ ಫೋನಿನಲ್ಲಿ ಕೇಳಿದ್ದು ಇಷ್ಟೇ, "ಚಾಕು ಅದ್ದಿ ನೋಡಿದ್ಯಾ?" ಅವನು ರಾತ್ರಿ ಹೊತ್ತು ಆ ಬೀದಿಗೆ ಹೋಗಿ ಒಂದು ಗಂಟೆ ನಿಂತು ಬಂದ. ನೀರು ಬರುವ ಹೊತ್ತು, ಗಲಾಟೆ ಎಲ್ಲ ತಿಳಿಯಿತು.

ಹೆಸರು ಮುಖ್ಯ ಅಂತ ನನಗೆ ಅನ್ನಿಸಿದ್ದು ಆಗ. ಇಂಗ್ಲಿಷಿನ ದೊಡ್ಡ ಹೆಸರು ಬಾಯಿಗೆ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ನಮ್ಮ ಮನೆಯ, ನಮ್ಮ ತೋಟದ ಒಂದು ಘಟನೆಯ ಹೆಸರಿಟ್ಟರೆ ಅದು ಬೇಗ ಬರುತ್ತದೆ. ಸಂಕ್ ಕಾಸ್ಟಿಗೆ ನಮ್ಮಲ್ಲಿ "ಇನ್ನೈವತ್ತು ಅಡಿ" ಅಂತ ಹೆಸರು.

ಇನ್ನೊಂದರ ಹೆಸರು "ವೆನಿಲ್ಲಾ". ನಿಮ್ಮ ಓದುಗರಲ್ಲಿ ನಲವತ್ತು ದಾಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2000ದಲ್ಲಿ ಮಡಗಾಸ್ಕರಿಗೆ ದೊಡ್ಡ ಚಂಡಮಾರುತ ಬಡಿಯಿತು, ಅಲ್ಲಿನ ವೆನಿಲ್ಲಾ ಹಾಳಾಯಿತು, ರೇಟು ಏರುತ್ತಾ ಹೋಗಿ 2003ರ ಹೊತ್ತಿಗೆ ಮಲೆನಾಡಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಬಳ್ಳಿಯ ತುಂಡು ತುಂಡಿಗೂ ಬೆಲೆ. ರಾತ್ರಿ ಟಾರ್ಚ್ ಹಿಡಿದು ತೋಟ ಕಾಯುತ್ತಿದ್ದರು. ಆದರೆ ಬಳ್ಳಿ ನೆಟ್ಟರೆ ಹೂ ಬಿಡಲು ಸುಮಾರು ಮೂರು ವರ್ಷ. ಒಂದೊಂದು ಹೂವಿಗೂ ಕೈಯಲ್ಲೇ ಪರಾಗಸ್ಪರ್ಶ ಮಾಡಬೇಕು. ಕೋಡು ಬಲಿಯಲು ಮತ್ತೆ ಎಂಟೊಂಬತ್ತು ತಿಂಗಳು. ಆ ಮೂರು ವರ್ಷದಲ್ಲಿ ಮಡಗಾಸ್ಕರಿನವರು ಸುಮ್ಮನೆ ಕೂತಿರುತ್ತಾರಾ? ಅವರೂ ನೆಟ್ಟರು, ಬೇರೆ ದೇಶದವರೂ ನೆಟ್ಟರು. ನಮ್ಮವರ ಬಳ್ಳಿ ಹೂ ಬಿಡುವ ಹೊತ್ತಿಗೆ, 2005ರ ಸುಮಾರಿಗೆ, ರೇಟು ನೆಲಕ್ಕೆ ಬಿದ್ದಿತ್ತು. ಇವತ್ತಿನ ರೇಟು ನೋಡಿ ನೆಟ್ಟ ಗಿಡ, ಅದು ಫಸಲು ಬಿಡುವ ವರ್ಷದ ರೇಟಿಗೆ ಮಾರಾಟವಾಗುತ್ತದೆ. ಇದು ತಡದ ಮಾದರಿ. ಇವತ್ತು ಗದ್ದೆಗಳಲ್ಲೆಲ್ಲ ಅಡಿಕೆ ಸಸಿ ಏಳುತ್ತಿರುವುದನ್ನು ನೋಡಿದಾಗ ನನಗೆ ಮೊದಲು ನೆನಪಾಗುವುದು ವೆನಿಲ್ಲಾ. ಅಡಿಕೆ ಫಸಲಿಗೆ ಐದಾರು ವರ್ಷ ಬೇಕು. ನೆಡಬೇಡಿ ಅಂತ ಹೇಳುತ್ತಿಲ್ಲ. ಆ ಐದಾರು ವರ್ಷದಲ್ಲಿ ಬೇರೆಯವರೂ ನೆಡುತ್ತಿದ್ದಾರೆ ಅನ್ನೋ ಲೆಕ್ಕ ಹಾಕಿ ನೆಡಿ ಅಂತ.

ನಿಮ್ಮ ಪತ್ರಿಕೆಯಲ್ಲೇ ಇನ್ನೊಂದು ಮಾದರಿ ಮಳೆಗಾಲದಲ್ಲಿ ದಿನಾ ಅಚ್ಚಾಗುತ್ತದೆ. ಜಲಾಶಯಗಳ ಮಟ್ಟ. ಲಿಂಗನಮಕ್ಕಿ ಗರಿಷ್ಠ 1819 ಅಡಿ, ಭದ್ರಾ 186 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಜುಲೈ ಬಂತು ಅಂದರೆ ನಮ್ಮ ಕಡೆ ಚಹಾದ ಅಂಗಡಿಯಲ್ಲಿ ಮೊದಲು ಓದುವುದೇ ಅದನ್ನು. ನಾನು ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತಿದ್ದೆ. ನಿನ್ನೆ ಒಳಹರಿವು 60 ಸಾವಿರ ಕ್ಯೂಸೆಕ್, ಇವತ್ತು ಮಳೆ ಕಡಿಮೆಯಾಗಿ 40 ಸಾವಿರಕ್ಕೆ ಇಳಿಯಿತು, ಹೊರಹರಿವು ಎರಡೂ ದಿನ 25 ಸಾವಿರ. ಇವತ್ತು ಡ್ಯಾಂ ಮಟ್ಟ ಏರುತ್ತದೋ ಇಳಿಯುತ್ತದೋ? ಬಹಳ ಮಕ್ಕಳು ಇಳಿಯುತ್ತದೆ ಅಂತಿದ್ದರು. ಒಳಹರಿವು ಇಳಿಯಿತು ಅಂತ ಕೇಳಿದ ಕೂಡಲೇ ಮಟ್ಟವೂ ಇಳಿಯಿತು ಅಂದುಕೊಳ್ಳುತ್ತಾರೆ. ಮಕ್ಕಳನ್ನು ದೂರಬೇಕಾಗಿಲ್ಲ. ಅಮೆರಿಕದ ಎಂಐಟಿ ಎಂಬ ಹೆಸರಾಂತ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದೇ ಥರದ, ಸ್ನಾನದ ತೊಟ್ಟಿಯ ನೀರಿನ ಲೆಕ್ಕ ಕೊಟ್ಟಾಗ ಎಷ್ಟೋ ಜನ ತಪ್ಪಿದರು ಅಂತ ಜಾನ್ ಸ್ಟರ್ಮನ್ ಮತ್ತು ಲಿಂಡಾ ಬೂತ್ ಸ್ವೀನಿ 2000ದಲ್ಲಿ ಬರೆದಿದ್ದಾರೆ. ಒಳಹರಿವು ಹೊರಹರಿವಿಗಿಂತ ಜಾಸ್ತಿ ಇರುವವರೆಗೆ ಮಟ್ಟ ಏರುತ್ತಲೇ ಇರುತ್ತದೆ, ನಿಧಾನವಾಗಿ ಏರುತ್ತದೆ ಅಷ್ಟೇ.

ಡ್ಯಾಂ ಲೆಕ್ಕ ಒಂದು ಸಲ ಕೈಗೆ ಹತ್ತಿದರೆ ಅದನ್ನು ಹಾಕುವ ಜಾಗಗಳಿಗೆ ಲೆಕ್ಕವೇ ಇಲ್ಲ. ಸಂಘದಲ್ಲಿ ತೆಗೆದ ಸಾಲ. ಈ ವರ್ಷ ಸಾಲ ಕಡಿಮೆ ತೆಗೆದೆ, ಆದರೂ ಬಾಕಿ ಯಾಕೆ ಬೆಳೆಯಿತು? ತೀರಿಸಿದ್ದಕ್ಕಿಂತ ತೆಗೆದದ್ದು ಇನ್ನೂ ಜಾಸ್ತಿ ಇತ್ತು. ತೋಟದ ಮಣ್ಣು. ಪ್ರತಿ ಫಸಲಿಗೂ ಮಣ್ಣಿನಿಂದ ಎಷ್ಟು ಹೋಗುತ್ತದೆ, ಸೊಪ್ಪು ಗೊಬ್ಬರದಿಂದ ಎಷ್ಟು ಬರುತ್ತದೆ? ನನ್ನ ಮಟ್ಟಿಗೆ ಇದು ಕೆಲಸಕ್ಕೆ ಬಂದದ್ದು ನೀರಿನಲ್ಲೇ. ಬೋರ್ ಸೋತ ಮೇಲೆ ಎರಡನೇ ಪಾಯಿಂಟ್ ನೋಡಿಸು ಅಂತ ಎಲ್ಲರೂ ಅಂದರು. ನಾನು ಬಾವಿಯ ಕಟ್ಟೆ ಮೇಲೆ ಕೂತು ಡ್ಯಾಂ ಲೆಕ್ಕ ಹಾಕಿದೆ. ಇಷ್ಟು ಮಳೆ ಬೀಳುವ ಊರಿನಲ್ಲಿ ಬಾವಿ ಬತ್ತುತ್ತದೆ ಅಂದರೆ ಒಳಹರಿವು ಎಲ್ಲಿ ನಿಂತಿತು? ತೋಟದ ಮೇಲಿನ ಬ್ಯಾಣದಿಂದ, ಅಂದರೆ ಹುಲ್ಲಿನ ಗುಡ್ಡದಿಂದ, ನೀರು ಇಂಗುವ ಮೊದಲೇ ಹೊಳೆಗೆ ಓಡುತ್ತಿತ್ತು. ಹೊರಹರಿವು ಮಾತ್ರ ಮೋಟಾರ್ ಬಂದ ಮೇಲೆ ಹೆಚ್ಚಿತ್ತು. ಬೋರಿನ ಬದಲು ಇಂಗುಗುಂಡಿ ತೆಗೆಸಿದೆ. ಪ್ರತಿ ಭಾನುವಾರ ಗಂಟು ಹಾಕಿದ ಹಗ್ಗ ಇಳಿಸಿ ಬಾವಿಯ ಮಟ್ಟ ಬರೆದಿಡುತ್ತಿದ್ದೇನೆ. ಮೂರು ವರ್ಷದ ಲೆಕ್ಕ ಇದೆ. ಒಳ್ಳೆಯದಾಗುತ್ತಿದೆ ಅಂತ ಕಾಣುತ್ತದೆ. ಆದರೆ ಈ ಮೂರು ವರ್ಷದ ಮಳೆಯೂ ಒಂದೇ ಥರ ಇರಲಿಲ್ಲ, ಹಾಗಾಗಿ ಗುಂಡಿಯಿಂದಲೇ ಆಯಿತು ಅಂತ ನಾನು ಇನ್ನೂ ಹೇಳುವುದಿಲ್ಲ.

ಇನ್ನು ನೆನಪಿಟ್ಟುಕೊಳ್ಳುವ ವಿಷಯ. ನಾವು ಚಿಕ್ಕವರಿದ್ದಾಗ ದೀಪ ಹಚ್ಚಿದ ಮೇಲೆ ಜಗುಲಿಯಲ್ಲಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು. ಪುಸ್ತಕ ಮುಚ್ಚಿ ಹೇಳಬೇಕು. ಅದು ಬರೀ ಬಾಯಿಪಾಠ ಅಂತ ಈಗ ಕೆಲವರು ಮೂಗು ಮುರಿಯುತ್ತಾರೆ. ಆದರೆ ಅದರಲ್ಲಿ ಒಂದು ಸತ್ಯ ಇತ್ತು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಅನ್ನೋರು ಮಾಡಿದ ಪ್ರಯೋಗದಲ್ಲಿ, ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಚೆನ್ನಾಗಿ ಹೇಳಿದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ಮುಚ್ಚಿಟ್ಟು ನೆನಪಿನಿಂದ ಬರೆದು ನೋಡಿದ್ದವರೇ ಮುಂದಿದ್ದರು. ಓದುವಾಗ ಗೊತ್ತಿದೆ ಅನ್ನಿಸುತ್ತದೆ. ಮುಚ್ಚಿದಾಗ ತಾನೇ ಗೊತ್ತಾಗೋದು. ಮರೆವು ಮೊದಮೊದಲು ಬೇಗ, ಆಮೇಲೆ ನಿಧಾನ ಅಂತ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೆಯೇ ಪರೀಕ್ಷೆ ಮಾಡಿಕೊಂಡು 1885ರಲ್ಲೇ ತೋರಿಸಿದ್ದ. ಆದ್ದರಿಂದ ಮೊದಲ ನೆನಪು ಬೇಗ ಮಾಡಿಕೊಳ್ಳಬೇಕು, ಆಮೇಲಿನದ್ದು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು.

ನಮ್ಮ ಮನೆಯಲ್ಲಿ ಹಳೆಯ ಮದುವೆ ಕಾರ್ಡುಗಳ ಖಾಲಿ ಬದಿಯನ್ನು ಕತ್ತರಿಸಿ, ಮುಂದೆ ಪ್ರಶ್ನೆ ಹಿಂದೆ ಉತ್ತರ ಬರೆಯುವ ಚೀಟಿ ಮಾಡಿದ್ದೇವೆ. ಮೂರು ಬಿಸ್ಕತ್ತಿನ ಡಬ್ಬಿ. ಮೊದಲ ಡಬ್ಬಿಯ ಚೀಟಿಗಳನ್ನು ದಿನಾ ಕೇಳಿಕೊಳ್ಳೋದು, ಎರಡನೆಯದು ವಾರಕ್ಕೊಮ್ಮೆ, ಮೂರನೆಯದು ತಿಂಗಳಿಗೊಮ್ಮೆ. ಉತ್ತರ ಬಂದರೆ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಇಂಥ ಡಬ್ಬಿಗಳ ವಿಧಾನವನ್ನು ಸೆಬಾಸ್ಟಿಯನ್ ಲೈಟ್ನರ್ ಅನ್ನೋರು 1972ರಲ್ಲಿ ಪ್ರಚಾರಕ್ಕೆ ತಂದರು. ನಾವು ಅದನ್ನು ನಮಗೆ ಬೇಕಾದ ಹಾಗೆ ಮಾಡಿಕೊಂಡಿದ್ದೇವೆ.

ಚೀಟಿಯ ಮುಂಬದಿಯಲ್ಲಿ ಏನು ಬರೆಯಬೇಕು ಅನ್ನೋದರಲ್ಲಿ ನಾನು ಮೊದಲ ವರ್ಷ ಪೂರ್ತಿ ತಪ್ಪಿದೆ. ಮುಂದೆ "ಸಂಕ್ ಕಾಸ್ಟ್ ಅಂದರೇನು?" ಅಂತ ಬರೆದು ಹಿಂದೆ ಅರ್ಥ ಬರೆಯುತ್ತಿದ್ದೆ. ಎಲ್ಲ ಬಾಯಿಗೆ ಬಂತು, ಜೀವನದಲ್ಲಿ ಒಂದೂ ಹೊಳೆಯಲಿಲ್ಲ. ಯಾಕೆ ಅಂದರೆ ಜೀವನದಲ್ಲಿ ಯಾರೂ ಬಂದು "ಸಂಕ್ ಕಾಸ್ಟ್ ಅಂದರೇನು" ಅಂತ ಕೇಳುವುದಿಲ್ಲ. "ಇಷ್ಟು ಹೋಗಿದೆಯಲ್ಲ, ಇನ್ನೈವತ್ತು ಅಡಿ" ಅಂತ ಕೇಳುತ್ತಾರೆ. ಹಾಗಾಗಿ ಈಗ ಮುಂಬದಿಯಲ್ಲಿ ಆ ಹೊತ್ತಿನ ಮಾತನ್ನೇ ಬರೆಯುತ್ತೇವೆ. "ಇಷ್ಟು ವರ್ಷ ಇದೇ ಕೋರ್ಸಿಗೆ ಹಾಕಿದ್ದೀನಿ, ಈಗ ಹೇಗೆ ಬಿಡಲಿ?" "ಫಸಲು ಗುತ್ತಿಗೆ ಹಿಡಿಯುವ ಚೇಣಿಯವರು ಇವತ್ತೇ ಹೇಳಿ ಅಂತಿದ್ದಾರೆ." "ನಮ್ಮಜ್ಜ ದಿನಾ ಬೀಡಿ ಸೇದಿ ತೊಂಬತ್ತು ವರ್ಷ ಬದುಕಿದ್ದರು." ಇದನ್ನು ಓದಿದಾಗ, ಸೇದಿ ಬೇಗ ಹೋದವರ ಕಥೆ ಹೇಳಲು ಅವರೇ ಇಲ್ಲವಲ್ಲ ಅಂತ ಹೊಳೆಯಬೇಕು. "ಜನವರಿ ತಿಂಗಳು, ಕಾಡಿಗೆ ಸೊಪ್ಪಿಗೆ ಹೋಗಿ ಬಂದವರಿಗೆ ಜ್ವರ." ಅದೇ ಜ್ವರ ಆಗಸ್ಟಿನಲ್ಲಿ ಬಂದರೆ ಯೋಚನೆ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ, ಕಾಡಿನ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ನಮ್ಮಲ್ಲಿ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ ಬರುತ್ತದೆ. ಲಕ್ಷಣ ನೋಡುವ ಮೊದಲು ಕಾಲ, ಜಾಗ ನೋಡಿ, ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಹೋಗಬೇಕು ಅನ್ನೋದು ಆ ಚೀಟಿಯ ಹಿಂಬದಿ.

ಹಿಂಬದಿಯಲ್ಲಿ ಉತ್ತರದ ಜೊತೆ ಎರಡು ಬೇರೆ ಬೇರೆ ಕ್ಷೇತ್ರದ ಉದಾಹರಣೆ ಇರಲೇಬೇಕು. ಕೊನೆಯ ಸಾಲು "ಎಲ್ಲಿ ಸಲ್ಲದು". ಈ ಸಾಲನ್ನು ಸೇರಿಸಿದ್ದು ನನ್ನ ಸೊಸೆ, ಅದು ಅವಳ ಜಾಣತನ. ಮಾದರಿ ಕಲಿತ ಹೊಸತರಲ್ಲಿ ಎಲ್ಲೆಲ್ಲೂ ಅದೇ ಕಾಣುತ್ತದೆ. ಅಡಿಕೆ ಸಸಿ ನೆಟ್ಟು ಮೂರು ವರ್ಷ ಆಗಿದೆ, ಒಂದು ರೂಪಾಯಿ ಬಂದಿಲ್ಲ, ಬರೀ ಖರ್ಚು. "ಇನ್ನೈವತ್ತು ಅಡಿ" ಅಂತ ಹೇಳಿ ಕಿತ್ತುಹಾಕಬೇಕಾ? ಇಲ್ಲ. ಅಲ್ಲಿ ಮುಂದೆ ಫಸಲು ಬರುತ್ತದೆ ಅನ್ನೋದಕ್ಕೆ ಅಕ್ಕಪಕ್ಕದ ನೂರು ತೋಟ ಸಾಕ್ಷಿ ಇದೆ. ಬೋರಿನಲ್ಲಿ ಮುಂದಿನ ಐವತ್ತು ಅಡಿಗೆ ಯಾವ ಸಾಕ್ಷಿಯೂ ಇರಲಿಲ್ಲ. ಎರಡಕ್ಕೂ ಹಿಂದಿನ ಖರ್ಚು ಒಂದೇ ಥರ ಕಾಣುತ್ತದೆ, ಮುಂದಿನ ದಾರಿ ಬೇರೆ. ಗಾದೆಗಳಿಗೂ ಇದೇ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಯಾವಾಗ, ಧೈರ್ಯಂ ಸರ್ವತ್ರ ಸಾಧನಂ ಅನ್ನೋದು ಯಾವಾಗ ಅಂತ ಗೊತ್ತಿರುವವರನ್ನೇ ನಮ್ಮ ಹಿರಿಯರು ಬುದ್ಧಿವಂತರು ಅಂದದ್ದು.

ಶಾಲೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ನಾನು ಮಾಡಿದ ಕೆಲಸಕ್ಕೆ ನ್ಯಾಯ ಆಗುವುದಿಲ್ಲ. ಗಣಿತದ ಪುಸ್ತಕದಲ್ಲಿ ಪ್ರತಿ ಅಧ್ಯಾಯದ ಕೊನೆಗೆ ಅಭ್ಯಾಸ ಇರುತ್ತದೆ. ಪೈಥಾಗೊರಸ್ ಪಾಠದ ಕೊನೆಯ ಲೆಕ್ಕಕ್ಕೆಲ್ಲ ಪೈಥಾಗೊರಸ್ಸೇ ಬೇಕು ಅಂತ ಮಗುವಿಗೆ ಮೊದಲೇ ಗೊತ್ತು. ಯಾವ ಸೂತ್ರ ಅನ್ನೋ ಯೋಚನೆಯನ್ನೇ ನಾವು ಅದರಿಂದ ಕಿತ್ತುಕೊಂಡುಬಿಟ್ಟಿದ್ದೇವೆ. 2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಘನಾಕೃತಿಗಳ ಗಾತ್ರದ ಲೆಕ್ಕಗಳನ್ನು ಒಂದು ಗುಂಪಿಗೆ ಒಂದೊಂದೇ ಥರ, ಇನ್ನೊಂದು ಗುಂಪಿಗೆ ಎಲ್ಲ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿಗೆ ಒಂದೊಂದೇ ಥರ ಮಾಡಿದವರು ನೂರಕ್ಕೆ 89, ಕಲಸಿದವರು 60. ವಾರದ ನಂತರ ಪರೀಕ್ಷೆಯಲ್ಲಿ ಒಂದೊಂದೇ ಥರ ಮಾಡಿದವರು 20, ಕಲಸಿದವರು 63. ಈ ಅಂಕೆಗಳನ್ನು ನಾನು ನೌಕರಿಯಲ್ಲಿದ್ದಾಗ ನೋಡಿದ್ದರೆ ನನ್ನ ಹೋಂವರ್ಕನ್ನೇ ಬೇರೆ ಥರ ಕೊಡುತ್ತಿದ್ದೆ. ನನ್ನ ಕೈಯಲ್ಲಿ ಕಲಿತು ಹೋದ ಮಕ್ಕಳನ್ನು ನೆನೆದರೆ ಇದು ಮನಸ್ಸಿಗೆ ಚುಚ್ಚುತ್ತದೆ.

ನಮ್ಮ ಕಡೆ ತಾಳಮದ್ದಳೆ, ಅಂದರೆ ಕೂತೇ ಮಾತಿನಲ್ಲಿ ನಡೆಸುವ ಯಕ್ಷಗಾನ, ನೋಡಿದವರಿಗೆ ಕಲಿತದ್ದು ಹೊತ್ತಿಗೆ ಒದಗೋದು ಅಂದರೆ ಏನು ಅಂತ ಗೊತ್ತು. ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಅಲ್ಲೇ ಮಾತು ಕಟ್ಟುತ್ತಾನೆ. ಎದುರಿನ ಕೃಷ್ಣ ಏನು ಕೇಳುತ್ತಾನೋ ಕರ್ಣನಿಗೆ ಮೊದಲೇ ಗೊತ್ತಿರುವುದಿಲ್ಲ. ಆದರೂ ಪುರಾಣದ ಯಾವುದೋ ಮೂಲೆಯ ಒಂದು ಸಂಗತಿ ಸರಿಯಾದ ಕ್ಷಣಕ್ಕೆ ಬಾಯಿಗೆ ಬರುತ್ತದೆ. ಒಬ್ಬ ಹಿರಿಯ ಅರ್ಥಧಾರಿಗಳನ್ನು ಇದು ಹೇಗೆ ಅಂತ ಕೇಳಿದ್ದೆ. ಪದ್ಯಕ್ಕೆ ಗಂಟು ಹಾಕಿ ಇಟ್ಟುಕೊಂಡಿರುತ್ತೇನೆ, ಪದ್ಯ ಎತ್ತಿದರೆ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ ಅಂದರು. ನಮ್ಮ ಚೀಟಿಯ ಮುಂಬದಿ ಅಂದರೆ ಆ ಪದ್ಯವೇ.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. ವಾರಕ್ಕೊಂದು ಸಲ, ಎಲ್ಲಾದರೂ ಒಂದು ಮೂಲೆಯಲ್ಲಿ, ನಮ್ಮ ಜೀವನದ್ದೇ ಒಂದು ಸನ್ನಿವೇಶ ಹಾಕಿ. ಯಾವ ಮಾದರಿ ಅಂತ ತಲೆಬರಹದಲ್ಲಿ ಹೇಳಬೇಡಿ. ಉತ್ತರ ಅದೇ ಪುಟದಲ್ಲಿ ತಲೆಕೆಳಗಾಗಿಯೂ ಹಾಕಬೇಡಿ, ಮೂರು ದಿನ ಬಿಟ್ಟು ಹಾಕಿ. ಎರಡು ತಿಂಗಳ ನಂತರ ಅದೇ ಮಾದರಿಯನ್ನು ಬೇರೆ ವೇಷದಲ್ಲಿ ಮತ್ತೆ ತನ್ನಿ. ತೋಟದ್ದು ಒಂದು ಸಲ, ಅಡುಗೆಮನೆಯದು ಒಂದು ಸಲ, ಬ್ಯಾಂಕಿನದು ಒಂದು ಸಲ. ಇಪ್ಪತ್ತು ಬೇಡ, ವರ್ಷಕ್ಕೆ ಎಂಟು ಮಾದರಿ ಸಾಕು. ಓದುಗರಿಂದಲೂ ಸನ್ನಿವೇಶ ತರಿಸಿಕೊಳ್ಳಿ, ನಮ್ಮ ಜಿಲ್ಲೆಯವರ ಹತ್ತಿರ ಬೇಕಾದಷ್ಟಿವೆ.

ಮೊದಲನೆಯದನ್ನು ನಾನೇ ಕಳಿಸುತ್ತಿದ್ದೇನೆ. ತೀರ್ಥಹಳ್ಳಿ ಕಡೆಯ ಒಬ್ಬರು ಕಳೆದ ವರ್ಷ ಕೊಳೆಯಿಂದ ಬಹಳ ಫಸಲು ಕಳೆದುಕೊಂಡರು. ಈ ವರ್ಷ ಯಾರೋ ಹೇಳಿದ ಹೊಸ ಔಷಧಿಯನ್ನು ಇಡೀ ತೋಟಕ್ಕೆ ಹೊಡೆಸಿದರು. ಕೊಳೆ ಬರಲೇ ಇಲ್ಲ. ಈ ವರ್ಷ ಜುಲೈನಲ್ಲಿ ಮಳೆ ನಡುನಡುವೆ ಬಿಡುವು ಕೊಟ್ಟಿತ್ತು. ಅವರೀಗ ಆ ಔಷಧಿಯನ್ನು ಊರಿಗೆಲ್ಲ ಹೇಳುತ್ತಿದ್ದಾರೆ. ನಿಮ್ಮ ತೋಟಕ್ಕೆ ಹೊಡೆಸುವ ಮೊದಲು ನೀವು ಅವರನ್ನು ಏನು ಕೇಳುತ್ತೀರಿ?

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ,
ನಿವೃತ್ತ ಶಿಕ್ಷಕ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ